ಕುದುರೆಗಳು ದೂರ ಹೋದವು

1946, ಮೇ 21, ಮಂಗಳವಾರ

ನಮ್ಮೂರ ಗುಡಿಯ ಬಲಿಪೀಠದ ಬಟ್ಟೆ ಆರು ಒಗೆದೆ. ಒಂದರಲ್ಲಿ ದ್ರಾಕ್ಷಾರಸದ ಕಲೆ ಉಳಿಯಿತು. ಫಾದರ್ ಎಲಿಜಿಯೊ ಅವರ ಕೈ ಈಗೀಗ ನಡುಗುತ್ತದೆ. ಬೂದಿನೀರಿನಲ್ಲಿ ನೆನೆಹಾಕಿದ್ದೇನೆ. ನಾಳೆ ನೋಡಬೇಕು. ರೇಷನ್ ಹಿಟ್ಟು ಇನ್ನೂ ಬಂದಿಲ್ಲ. ಕಡಲೆ ಬೇಯಿಸಿದೆ.

ನಮ್ಮ ಮಹಡಿಯ ಕೋಣೆ ಬಾಡಿಗೆಗೆ ಹಿಡಿದ ಟೀಚರಮ್ಮ ಊಟಕ್ಕೆ ಇಳಿದು ಬಂದರು. ಬೆನ್ವೆನುತಿ ಅಂತ ಹೆಸರು. ರೋಮಿನಲ್ಲಿ ನಲವತ್ತು ವರ್ಷ ಲ್ಯಾಟಿನ್ ಕಲಿಸಿದವರು, ಒಂಟಿ. ಹೊಳೆಯ ಪಕ್ಕದ ಹಳೇ ಅರಮನೆಯ ಗೋಡೆ ಅಳೆಯಲು ಬಂದು ಒಂಬತ್ತು ದಿನವಾಯಿತು. ಈ ನೋಟ್‌ಬುಕ್ಕೂ ಅವರು ಕೊಟ್ಟದ್ದೇ. ಇವತ್ತು ಕೇಳಿಯೇಬಿಟ್ಟೆ.

"ಆ ಗೋಡೆ ಯಾರದು ಅಂತ ಗೊತ್ತಲ್ಲ ಟೀಚರಮ್ಮ? ಆ ಚಕ್ರವರ್ತಿ ನೀರೋಂದು. ಸಂತ ಪೇತ್ರನ್ನ ಕೊಲ್ಲಿಸಿದವನು. ಅದನ್ನ ಅಳೆದು ಏನ್ ಮಾಡ್ತೀರ?"

"ಅವನ ಮೇಲೆ ಪುಸ್ತಕ ಬರೀತಿದೀನಿ. ಜನ ಅವನ ಬಗ್ಗೆ ಹೇಳೋದ್ರಲ್ಲಿ ಅರ್ಧ ಸುಳ್ಳು, ಎರ್ಸಿಲಿಯಾ."

"ಯಾವ ಅರ್ಧ?"

ನಕ್ಕರು. "ಅದನ್ನೇ ಹನ್ನೆರಡು ವರ್ಷದಿಂದ ಹುಡುಕ್ತಿದೀನಿ."

ಶಿಲುಬೆಯ ಗುರುತು ಹಾಕಿಕೊಂಡೆ. ಅನ್ನ ತಿನ್ನುವ ಮೇಜಿನ ಮೇಲೆ ಆ ಹೆಸರು...

ಮೇ 24, ಶುಕ್ರವಾರ

ಒಗೆಯುವ ಕಟ್ಟೆಯಲ್ಲಿ ನುನ್ಸಿಯಾತಾ ಮಾತಾಡಿಸಿದಳು. ಎರಡು ವರ್ಷದ ಮೇಲೆ ಮೊದಲ ಸಲ. ಎಲ್ಲರೆದುರು.

"ಪೇಪರ್‌ನಲ್ಲಿ ನಿನ್ನ ಮಗನ ಫೋಟೋ ಬಂದಿದೆಯಂತಲ್ಲೇ! ಪೊಲೀಸರು ಹುಡುಕ್ತಿದಾರಂತೆ. ಕತ್ತರಿಸಿ ಇಟ್ಕೊಂಡ್ಯಾ?"

"ನನ್ನ ಮಗ ಅಲ್ಲ ಅವನು."

"ಹೊಟ್ಟೆ ಬೇರೆಯವರದು ಬಿಡು. ಹಾಲು ಯಾರದು? ಗುಣ ಎಲ್ಲಾ ಹಾಲಲ್ಲೇ ಇಳಿಯೋದು. ಕತ್ತೆ ಹಾಲು ಕುಡಿಸಿದ್ರೂ ಇಷ್ಟು ಕೆಡ್ತಿರಲಿಲ್ಲ ಅವನು."

ನಾಲ್ಕು ಜನ ನಕ್ಕರು. ನಾನು ಬಟ್ಟೆ ಹಿಂಡಿದೆ. ಹಿಂಡಿದ್ದನ್ನೇ ಹಿಂಡಿದೆ.

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ. ನಮ್ಮ ಕಡೆಯ ಹೆಂಗಸರು ಹೆತ್ತ ತಿಂಗಳಿಗೆ ರೋಮಿಗೆ ಹೋಗಿ ದೊಡ್ಡ ಮನೆಯ ಕೂಸುಗಳಿಗೆ ಹಾಲೂಡಿಸುವುದು ಮೊದಲಿನಿಂದ ಇದೆ. ಅಜ್ಜಿ ಹೋದಳು, ಅಮ್ಮ ಹೋದಳು. ಹತ್ತೊಂಬತ್ತನೇ ಇಸವಿಯಲ್ಲಿ ನಾನೂ ಹೋದೆ. ವಕೀಲರ ಮನೆ. ಮಗುವಿನ ಹೆಸರು ಲುದೊವಿಕೊ. ನಾನು ವಿಕೊ ಎನ್ನುತ್ತಿದ್ದೆ. ಹದಿನಾಲ್ಕು ತಿಂಗಳು. ನನ್ನ ಸ್ವಂತ ಕೂಸು ಸೆರಾಫಿನಾ ಇಲ್ಲಿ ಅಮ್ಮನ ಹತ್ತಿರ ಮೇಕೆ ಹಾಲು ಕುಡಿದುಕೊಂಡಿದ್ದು ಐದನೇ ತಿಂಗಳಿಗೆ ತೀರಿಹೋದಳು. ನನಗೆ ತಿಳಿಸಿದ್ದು ಇಪ್ಪತ್ತು ದಿನ ಬಿಟ್ಟು. ಹಾಲು ಬತ್ತಬಾರದಲ್ಲ.

ನಲವತ್ತನಾಲ್ಕರ ಫೆಬ್ರವರಿಯಲ್ಲಿ ಮೇಲಿನ ಕೇರಿಯ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಹಾಕಿದರು. ಒಳಗೆ ಏಳು ಜನ. ನುನ್ಸಿಯಾತಾಳ ತಮ್ಮನೂ ಒಬ್ಬ. ಕಪ್ಪು ಅಂಗಿಯ ಫ್ಯಾಸಿಸ್ಟರ ಕ್ಯಾಪ್ಟನ್ ನನ್ನ ವಿಕೊ ಎನ್ನುತ್ತಾರೆ. ಎನ್ನುತ್ತಾರೆ. ನಾನು ನೋಡಿಲ್ಲ. ಆ ವಾರ ಜ್ವರದಲ್ಲಿದ್ದೆ.

ಸೆರಾಫಿನಾಳ ಪಾಲಿನ ಹಾಲು ಅದು. ಅದು ಏನಾಯಿತು ಎಂದು ನನಗೆ ತಿಳಿಯಬೇಕು. ಇಷ್ಟೇ.

ಮೇ 26, ಭಾನುವಾರ

ಪೂಜೆ ಮುಗಿಸಿ ಬಂದೆ. ಟೀಚರಮ್ಮ ಅಂಗಳದಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ಅವರೇ ಕರೆದು ಹೇಳಿದ್ದು — ರೋಮಿಗೆ ಬೆಂಕಿ ಬಿದ್ದಾಗ ನೀರೋ ಊರಲ್ಲೇ ಇರಲಿಲ್ಲವಂತೆ. ಕಡಲ ಕಡೆ, ಆಂತ್ಸಿಯೊದಲ್ಲಿದ್ದನಂತೆ. ಸುದ್ದಿ ಕೇಳಿ ಬಂದು ಮನೆ ಕಳಕೊಂಡವರಿಗೆ ತನ್ನ ತೋಟಗಳನ್ನೇ ತೆರೆಸಿದನಂತೆ. ಕಾಳು ತರಿಸಿ ಅಗ್ಗಕ್ಕೆ ಮಾರಿಸಿದನಂತೆ.

"ಮತ್ತೆ ಹಾಡ್ತಿದ್ದ ಅಂತಾರಲ್ಲ, ಊರು ಉರಿಯೋವಾಗ?"

"ಅಂತಾರೆ. ನೋಡಿದೆ ಅಂತ ಯಾರೂ ಹೇಳಿಲ್ಲ. ಬರೆದವರೆಲ್ಲ ಅವನು ಸತ್ತ ಮೇಲಿನವರು, ಅವನ ವೈರಿಗಳ ಅನ್ನ ತಿಂದವರು."

"ಊರಲ್ಲೇ ಇಲ್ಲದವನ ಮೇಲೆ ಬೆಂಕಿ ಹೊರಿಸಬಹುದಾ ಟೀಚರಮ್ಮ?"

"ಬಹಳ ಸುಲಭ. ಜನಕ್ಕೆ ಒಂದು ಮುಖ ಬೇಕು."

ಕಡಲೆ ಸೀದುಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಒಂದು ಮುಖ ಬೇಕು... ಸಂಜೆಯ ಜಪಸರದಲ್ಲಿ ಹತ್ತು ಮಣಿಯ ಲೆಕ್ಕ ಎರಡು ಸಲ ತಪ್ಪಿತು.

ಮೇ 29, ಬುಧವಾರ

 

ಟೀಚರಮ್ಮನಿಗೆ ಅರಮನೆಯ ಹಿಂದಿನ ಕಲ್ಲು ತೋರಿಸಿದೆ. ನಾನಾಗಿಯೇ. ಮೊಣಕಾಲೆತ್ತರದ ಕಲ್ಲು, ಮೇಲೆ ಬೊಗಸೆಯಷ್ಟು ಗುಳಿ. ನಮ್ಮ ಮನೆಯ ಹೆಂಗಸರಲ್ಲಿ ಪರರ ಕೂಸಿಗೆ ಹಾಲು ಕೊಟ್ಟವಳು ಪ್ರತಿ ಜೂನ್ ಒಂಬತ್ತಕ್ಕೆ, ಬೆಳಿಗ್ಗೆ ಗುಡಿಯ ಮೊದಲ ಗಂಟೆ ಹೊಡೆದ ಮೇಲೆ, ಅಲ್ಲಿಗೆ ಹೋಗಬೇಕು. ಗುಳಿಗೆ ಹಾಲು ಹೊಯ್ಯಬೇಕು. ಹಳದಿ ಹೂ, ಕೆಂಪು ಹೂ ಇಡಬೇಕು. ಮಾತು ಹೇಳಬೇಕು. ತಿರುಗಿ ನೋಡದೆ ಬರಬೇಕು. ಯಾರಿಗಾಗಿ ಎಂದರೆ ಅಮ್ಮ ಹೇಳುತ್ತಿದ್ದದ್ದು ಒಂದೇ: "ಯಾರೂ ಅಳದ ಕೂಸು." ದೀಕ್ಷಾಸ್ನಾನವಿಲ್ಲದೆ ಹೋದ ಯಾವುದೋ ಶಿಶು ಎಂದುಕೊಂಡಿದ್ದೆ. ನನಗೂ ಒಂದು ಇತ್ತಲ್ಲ ಅಳಲಿಕ್ಕೆ.

ಟೀಚರಮ್ಮ ಒದ್ದೆ ಬಟ್ಟೆಯಿಂದ ಕಲ್ಲು ಒರೆಸಿದರು. ಸವೆದ ಅಕ್ಷರ ಒಂದೆರಡು ಎದ್ದವು.

"ದಾದಿ, ಹಾಲೂಡಿಸಿದವಳು, ಅಂತ ಇದೆ ಎರ್ಸಿಲಿಯಾ. ಯಾವುದೋ ದಾದಿಯ ಸಮಾಧಿಕಲ್ಲು. ಅದೇನೋ ಮಾತು ಹೇಳ್ಬೇಕು ಅಂದ್ಯಲ್ಲ, ಏನದು?"

ಹೇಳಿದೆ. ಅಮ್ಮ ಹೇಳುತ್ತಿದ್ದ ರಾಗದಲ್ಲೇ. "ಮಲಗು ಕಂದ, ಮಲಗು ಕಂದ, ಕುದುರೆಗಳು ದೂರ ಹೋದವು."

ಅವರ ಪೆನ್ಸಿಲ್ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳು."

ಹೇಳಿದೆ. ಅವರು ಕಲ್ಲಿನ ಪಕ್ಕದ ಹುಲ್ಲಿನ ಮೇಲೆ ಕೂತುಬಿಟ್ಟರು. 

ಆಮೇಲೆ ಹೇಳಿದರು. ಜೂನ್ ಒಂಬತ್ತು ನೀರೋ ಸತ್ತ ದಿನ. ಎಲ್ಲರೂ ಬಿಟ್ಟುಹೋದ ಮೇಲೆ ಸಲಾರಿಯಾ ರಸ್ತೆಯ ಕಡೆ, ಹಳೇ ಆಳಿನ ತೋಟದ ಮನೆಯಲ್ಲಿ ಅಡಗಿದ್ದ. ಹಿಡಿಯಲು ಸವಾರರು ಬಂದರು. ಕುದುರೆಗಳ ಸದ್ದು ಕೇಳಿತು. ಕತ್ತಿಗೆ ಕುತ್ತಿಗೆ ಕೊಟ್ಟ. ತಾನೇ ಒತ್ತಲಾಗಲಿಲ್ಲ, ಇನ್ನೊಬ್ಬ ಒತ್ತಿದ. ಮುಂದಿನ ಕೆಲಸಕ್ಕೆ ಬಂದವರು ಮೂವರೇ ಹೆಂಗಸರು. ಒಂದು ಕಾಲದಲ್ಲಿ ಅವನನ್ನು ಪ್ರೀತಿಸಿದ್ದ ಒಬ್ಬಳು, ಮತ್ತೆ ಅವನ ದಾದಿಯರಿಬ್ಬರು. ಹೊಸ ವರ್ಷದ ದಿನ ಅವನು ಉಟ್ಟಿದ್ದ ಜರಿಯಿದ್ದ ಬಿಳಿ ಬಟ್ಟೆಯಲ್ಲೇ ಸಂಸ್ಕಾರ ಮಾಡಿ ಬೂದಿ ಒಯ್ದಿಟ್ಟರು. ಎಷ್ಟೋ ವರ್ಷ ಆ ಗೋರಿಯ ಮೇಲೆ ಯಾರೋ ಹೂ ಇಡುತ್ತಿದ್ದರಂತೆ.

"ಯಾರು?"

"ಹೆಸರು ಯಾರೂ ಬರೆದಿಲ್ಲ. ಈ ಕಲ್ಲು ಅವನ ದಾದಿಯದೇ ಇರಬಹುದು, ನೀವು ಹೊಯ್ಯೋ ಹಾಲು ಅವನಿಗೇ ಇರಬಹುದು. ಇದು ನನ್ನ ಊಹೆ ಅಷ್ಟೇ ಎರ್ಸಿಲಿಯಾ. ಪುಸ್ತಕದಲ್ಲಿ ಹಾಕೋ ಧೈರ್ಯ ನನಗಿಲ್ಲ."

"ಅಮ್ಮ ಕೂಸು ಅಂತಿದ್ದಳು."

"ಅವನಿಗೆ ಮೂವತ್ತು ವರ್ಷ. ದಾದಿಯ ಲೆಕ್ಕದಲ್ಲಿ ಎಷ್ಟು, ನೀನೇ ಹೇಳು."

ದೇವರೇ. ಇಪ್ಪತ್ತೈದು ಸಲ. ಇದೇ ಕೈಯಲ್ಲಿ, ಬಲಿಪೀಠದ ಬಟ್ಟೆ ಒಗೆಯುವ ಕೈಯಲ್ಲಿ, ಸಂತ ಪೇತ್ರನ ಕೊಲೆಗಾರನಿಗೆ ಹಾಲು ಹೊಯ್ದಿದ್ದೇನೆ.

ಮೇ 30, ಸ್ವರ್ಗಾರೋಹಣದ ಹಬ್ಬ

ಪಾಪನಿವೇದನೆ ಮಾಡಿದೆ. ಫಾದರ್ ಎಲಿಜಿಯೊ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಎಂದುಕೊಂಡೆ.

"ಗೊತ್ತಿಲ್ಲದೆ ಮಾಡಿದ್ದು ಪಾಪ ಅಲ್ಲ ಮಗಳೇ. ಇನ್ನು ಮೇಲೆ ಹೋದ್ರೆ ಪಾಪ. ಈ ವರ್ಷ ಒಂಬತ್ತಕ್ಕೇ ಪೆಂತೆಕೋಸ್ತ್, ಪವಿತ್ರಾತ್ಮನ ಹಬ್ಬ, ಬಂದಿದೆ ನೋಡು. ಆವತ್ತು ಬೆಳಿಗ್ಗೆ ಗುಡಿ ಬಿಟ್ಟು ಅಲ್ಲಾಡ್ಬೇಡ."

"ಅವನಿಗೆ ನರಕವೇನಾ ಸ್ವಾಮಿ?"

"ಪೇತ್ರನ್ನ ಕೇಳು, ಸ್ವರ್ಗದ ಬಾಗಿಲಲ್ಲಿ ನಿಂತಿರೋನು ಅವನೇ."

ತಮಾಷೆಗೆ ಅಂದರು. ನನಗೆ ಆ ಮಾತೇ ಕೊರೆಯುತ್ತಿದೆ. ಹೋಗುವುದಿಲ್ಲವೆಂದು ಮಾತೆ ಮರಿಯಮ್ಮನ ಪಾದ ಮುಟ್ಟಿ ಹೇಳಿ ಬಂದೆ.

ಜೂನ್ 2, ಭಾನುವಾರ

ಓಟು ಹಾಕಿದೆ. ಹೆಂಗಸರಿಗೆ ಇದೇ ಮೊದಲು. ರಾಜ ಬೇಕಾ ಬೇಡವಾ. ಪೆನ್ಸಿಲ್ ಹಿಡಿದು ನಿಂತಾಗ ನೀರೋನ ನೆನಪು ಬಂತು, ನಗುವೂ ಬಂತು. ಯಾವುದಕ್ಕೆ ಗೆರೆ ಎಳೆದೆ ಎಂದು ಇಲ್ಲೂ ಬರೆಯುವುದಿಲ್ಲ.

ಜೂನ್ 5, ಬುಧವಾರ

ನುನ್ಸಿಯಾತಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು.

"ಏನು?"

"ಆವತ್ತು ಕೊಟ್ಟಿಗೆ ಸುಟ್ಟಾಗ ನೀನು ಕಣ್ಣಾರೆ ನೋಡಿದ್ಯಾ, ಇಲ್ಲ ಯಾರಾದ್ರೂ ಹೇಳಿದ್ದಾ? ಅಷ್ಟು ಹೇಳು. ಇನ್ನೇನೂ ಕೇಳಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಾವಿ ಹತ್ರ ಇದ್ದೆ. ನನ್ನ ಹತ್ರ ಬಂದು ನೀರು ಕೇಳ್ದ. 'ಸ್ವಲ್ಪ ನೀರು ಕೊಡ್ತೀರಾ ಅಮ್ಮಾ' ಅಂತ. ಮರ್ಯಾದೆಯಿಂದ. ಕೊಟ್ಟೆ. ಕುಡಿದ. ಬಾಯಿ ಒರೆಸ್ಕೊಂಡ. ಕೈಗವಸು ಹಾಕ್ಕೊಂಡು, ಹಚ್ಚಿ ಅಂದ."

"ಎಡ ಹುಬ್ಬಿನ ಮೇಲೆ..."

"ಗಾಯದ ಗುರುತು. ಅರ್ಧಚಂದ್ರದ ಹಾಗೆ."

ನನ್ನ ತೊಡೆಯಿಂದಲೇ ಜಾರಿ ಬಿದ್ದದ್ದು. ಒಂಬತ್ತನೇ ತಿಂಗಳು. ಒಲೆಯ ಮೂಲೆ ತಾಗಿತ್ತು.

"ಸಾಕಾ?" ಅಂದಳು.

ಸಾಕು ಅಂದೆ.

ಜೂನ್ 6, ಗುರುವಾರ

ಟೀಚರಮ್ಮನಿಗೆ ಎಲ್ಲಾ ಹೇಳಿದೆ. ವಿಕೊ, ಸೆರಾಫಿನಾ, ಬಾವಿಯ ನೀರು. ಕನ್ನಡಕ ತೆಗೆದು ಇಟ್ಟುಕೊಂಡು ಕೇಳಿದರು.

"ನೀವು ನೀರೋನ ಒಗೆದು ಹಾಕಿದ ಹಾಗೆ ಇವನನ್ನೂ ಒಗೀಬಹುದು ಅಂದ್ಕೊಂಡಿದ್ದೆ," ಅಂದೆ.

"ಒಗೆಯೋ ಕೆಲಸ ನಿನಗೇ ಚೆನ್ನಾಗಿ ಗೊತ್ತಲ್ಲ. ಎಲ್ಲಾ ಕಲೆ ಹೋಗುತ್ತಾ? ಬೆಂಕಿ ಅವನದಲ್ಲ ಅಂತ ಬರೀತೀನಿ. ಅಮ್ಮನ್ನ ಕೊಲ್ಲಿಸಿದ್ದು ಅವನೇ ಅಂತಾನೂ ಬರೀತೀನಿ."

"ನಮ್ಮವರನ್ನ, ಕ್ರೈಸ್ತರನ್ನ ಸುಟ್ಟಿದ್ದು?"

"ಅದನ್ನ ಅಳಿಸೋಕೆ ನನ್ನ ಹತ್ರ ಏನೂ ಇಲ್ಲ."

"ಎಲ್ಲಾ ಒಂದೇ ಪುಸ್ತಕದಲ್ಲಾ?"

"ಒಬ್ಬನೇ ಮನುಷ್ಯ ಅಲ್ವಾ ಎರ್ಸಿಲಿಯಾ."

"ಅವನ ದಾದಿಯರನ್ನ ಜನ ಬೈದ್ರಾ? ಹಾಲು ಕೆಟ್ಟದ್ದು ಅಂತ?"

ಕನ್ನಡಕ ಮತ್ತೆ ಹಾಕಿಕೊಂಡರು. "ಅಪ್ಪನ್ನ ಬೈದಿದಾರೆ, ಅಮ್ಮನ್ನ ಬೈದಿದಾರೆ. ದಾದಿಯರ ಹೆಸರು ಬರೋದು ಬೂದಿ ಎತ್ತೋವಾಗ ಮಾತ್ರ. ಎಗ್ಲೋಗೆ, ಅಲೆಕ್ಸಾಂದ್ರಿಯಾ."

ಆ ಎರಡು ಹೆಸರು ಬರೆಸಿಕೊಂಡೆ. ಯಾಕೋ ಗೊತ್ತಿಲ್ಲ.

ಜೂನ್ 9, ಪೆಂತೆಕೋಸ್ತ್, ಮಧ್ಯಾಹ್ನ ಎರಡು

ಹೋಗಲಿಲ್ಲ. ಮೊದಲ ಗಂಟೆಗೇ ಗುಡಿಯಲ್ಲಿದ್ದೆ. ಮೂರನೇ ಸಾಲು.

ಮೇಲಿನಿಂದ ಕೆಂಪು ಗುಲಾಬಿ ಎಸಳು ಸುರಿಯುತ್ತಾರಲ್ಲ, ಪವಿತ್ರಾತ್ಮನ ಬೆಂಕಿಯ ನಾಲಗೆ ಎಂದು — ಆ ಹೊತ್ತಿಗೆ ಕುದುರೆಗಳ ಸದ್ದು ಕೇಳಿತು. ಕೆಳಗಿನ ರಸ್ತೆಯಲ್ಲಿ. ನಾಲ್ಕೋ ಐದೋ. ಜೋರಾಗಿ ಓಡಿಸಿಕೊಂಡು ಬರುತ್ತಿದ್ದ ಹಾಗೆ.

ಈ ಊರಲ್ಲಿ ಕುದುರೆ ಇಲ್ಲ. ಜರ್ಮನ್ನರು ಹೋಗುವಾಗ ಕೊನೆಯದನ್ನೂ ಹೊಡೆದುಕೊಂಡು ಹೋದರು.

ಪಕ್ಕದವಳನ್ನು ನೋಡಿದೆ. ಅವಳು ಹಾಡುತ್ತಿದ್ದಳು. ಯಾರೂ ತಲೆ ತಿರುಗಿಸಲಿಲ್ಲ. ನಮೋ ಮರಿಯಾ, ನಮೋ ಮರಿಯಾ... ಆಗ ಎದೆ ಬಿಗಿಯಿತು. ಸೂಜಿ ಚುಚ್ಚಿದ ಹಾಗೆ, ಎರಡೂ ಕಡೆ. ಆ ನೋವು ನನಗೆ ಗೊತ್ತು. ಕೂಸು ಅತ್ತಾಗ ಬರುವ ನೋವು. ಶಾಲು ಎಳೆದುಕೊಂಡೆ.

ಮನೆಗೆ ಬಂದು ಬಾಗಿಲು ಹಾಕಿ ನೋಡಿದೆ. ರವಿಕೆ ಒದ್ದೆ. ಬೆವರಲ್ಲ. ಬೆವರು ಯಾವುದು, ಇದು ಯಾವುದು ಎಂದು ಗೊತ್ತಾಗದ ಹೆಂಗಸೇನಲ್ಲ ನಾನು. ಐವತ್ತು ವರ್ಷ. ಬತ್ತಿ ಇಪ್ಪತ್ತೈದು ವರ್ಷವಾಗಿದೆ.

ರವಿಕೆ ನೆನೆಹಾಕಿದ್ದೇನೆ. ನೀರು ಬೆಳ್ಳಗಾಗಿದೆ. ಚೆಲ್ಲಲು ಕೈ ಬರುತ್ತಿಲ್ಲ.

ಜೂನ್ 10, ಸೋಮವಾರ

ಬೆಳಿಗ್ಗೆ ಕಲ್ಲಿನ ಹತ್ತಿರ ಹೋದೆ. ಹಾಲು ಒಯ್ಯಲಿಲ್ಲ, ಹೂ ಒಯ್ಯಲಿಲ್ಲ. ಹಾಗಾದರೆ ಕೊಟ್ಟ ಮಾತು ಮುರಿದಂತಲ್ಲ ಎಂದುಕೊಂಡೆ. ಸುಮ್ಮನೆ ನೋಡಲು.

ಹೂ ಇತ್ತು. ಎರಡು ಕಟ್ಟು. ಹಳದಿ, ಕೆಂಪು. ಬಾಡಿರಲಿಲ್ಲ. ಒಂದು ಆ ತುದಿಗೆ, ಇನ್ನೊಂದು ಈ ತುದಿಗೆ. ನಡುವೆ ಒಂದು ಕಟ್ಟು ಇಡುವಷ್ಟು ಜಾಗ.

ಗುಳಿ ಖಾಲಿ. ಒಣಗಿತ್ತು. ಒಂದು ಹನಿಯೂ ಇಲ್ಲ.

ಟೀಚರಮ್ಮ ಇಟ್ಟರೇನೋ ಎಂದು ಓಡಿಬಂದು ಕೇಳಿದೆ. "ಎರಡು ದಿನದಿಂದ ಮಂಡಿ ನೋವು, ಮೆಟ್ಟಿಲೇ ಇಳಿದಿಲ್ಲವಲ್ಲ ನಾನು," ಅಂದರು. ನಿಜ. ಊಟ ಮೇಲಕ್ಕೆ ಒಯ್ದು ಕೊಟ್ಟವಳು ನಾನೇ.

ಹನ್ನೊಂದು ಗಂಟೆಗೆ ಟೆಲಿಗ್ರಾಂ. ಹಾಗೇ ಬರೆಯುತ್ತೇನೆ: "ಲುದೊವಿಕೊ ಭಾನುವಾರ ಬೆಳಿಗ್ಗೆ ತೀರಿಕೊಂಡ. ತಾಯಿ ಬರುವುದಿಲ್ಲ ಎಂದರು. ಬೇರೆ ಯಾರೂ ಇಲ್ಲ. ಬನ್ನಿ. ಬಿಳಿ ಬಟ್ಟೆ ತನ್ನಿ. ಅತ್ತಿಲಿಯಾ."

ಅತ್ತಿಲಿಯಾ ಯಾರು, ನನಗೆ ಗೊತ್ತಿಲ್ಲ. ಕೆಳಗೆ ವಿಳಾಸ. ವಕೀಲರ ಮನೆಯ ಹಳೇ ಡ್ರೈವರನ ತೋಟದ ಮನೆ. ಸಲಾರಿಯಾ ರಸ್ತೆ.

ಟೀಚರಮ್ಮನಿಗೆ ತೋರಿಸಿದೆ. ಓದಿದರು. ಮಡಿಸಿದರು. ಮತ್ತೆ ಬಿಚ್ಚಿ ಓದಿದರು. ಪುಸ್ತಕದ ಕಾಗದಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ ಸದ್ದು ಆಮೇಲೆ ಕೇಳಿತು.

ಜೂನ್ 11, ಮಂಗಳವಾರ, ಬೆಳಿಗ್ಗೆ

ಬಸ್ಸು ಆರೂವರೆಗೆ. ಪೆಟ್ಟಿಗೆಯಿಂದ ಶಾಲು ತೆಗೆದೆ. ಬಿಳಿ, ಅಂಚಿಗೆ ಚಿನ್ನದ ಜರಿ. ದೊಡ್ಡ ಮನೆಯ ದಾದಿಯರಿಗೆ ಹಾಗೆಲ್ಲ ಉಡಿಸುತ್ತಿದ್ದರು. ಇಪ್ಪತ್ತನೇ ಇಸವಿಯ ಹೊಸ ವರ್ಷದ ದಿನ ಕೊಟ್ಟದ್ದು. ಅದರಲ್ಲೇ ಅವನನ್ನು ಸುತ್ತಿಕೊಂಡು ಬಾಲ್ಕನಿಯಲ್ಲಿ ನಿಂತು ಪಟಾಕಿ ತೋರಿಸಿದ್ದೆ. ಮಡಿಸುವಾಗ ನೀರೋನ ಹೊಸ ವರ್ಷದ ಬಟ್ಟೆಯ ಬಗ್ಗೆ ಟೀಚರಮ್ಮ ಹೇಳಿದ್ದು ನೆನಪಾಯಿತು. ಬೇರೆ ಬಟ್ಟೆ ಹುಡುಕಿದೆ. ಬಿಳಿಯದು ಇನ್ನೊಂದಿಲ್ಲ, ಬಲಿಪೀಠದ್ದು ಬಿಟ್ಟರೆ.

ಫಾದರ್ ಎಲಿಜಿಯೊ ಅವರಿಗೆ ಹೇಳಲಿಲ್ಲ. ಬಂದ ಮೇಲೆ ಹೇಳುತ್ತೇನೆ.

ಬಸ್ಸಿನ ಹತ್ತಿರ ನುನ್ಸಿಯಾತಾ ನಿಂತಿದ್ದಳು. ಟೆಲಿಗ್ರಾಂ ಸುದ್ದಿ ಊರಿಗೆಲ್ಲ ತಲುಪಿದೆ. ಉಗಿಯುತ್ತಾಳೆ ಎಂದು ಮುಖ ಕೊಟ್ಟು ನಿಂತೆ.

"ಹೋಗ್ತಿದೀಯಾ?"

"ಹೂಂ."

"ಏಳು ಜನಾನ ನಾವು ಗೋಣಿಚೀಲದಲ್ಲಿ ಹೊತ್ತಿದ್ದು. ಯಾರು ಯಾರು ಅಂತ ಗೊತ್ತಾಗ್ಲಿಲ್ಲ."

"ಗೊತ್ತು ನುನ್ಸಿಯಾತಾ."

"ಹೋಗು. ತೊಳಿ, ಸುತ್ತು, ಹೂಳು. ಹೆಣ್ಣು ಅಂದಮೇಲೆ ಅದು ಮಾಡ್ಲೇಬೇಕು. ಆದ್ರೆ ಹಾಡಬೇಡ ಅವನಿಗೆ. ನನ್ನ ತಮ್ಮನಿಗೆ ಯಾರೂ ಹಾಡ್ಲಿಲ್ಲ."

ಹಾಡುವುದಿಲ್ಲ ಅಂದೆ. ಮಾತು ಕೊಟ್ಟೆ.

ಅದೇ ದಿನ, ಮಧ್ಯಾಹ್ನ ಮೂರೂ ಹತ್ತು

ತೋಟದ ಮನೆ. ಸಣ್ಣ ಕೋಣೆ, ಕಿಟಕಿಗೆ ಅಂಜೂರದ ಮರ. ಒಳಗೆ ಹೆಣಕ್ಕೆಂದು ಐಸಿನ ತೊಟ್ಟಿ. ಪೊಲೀಸರು ನೋಡಿಕೊಂಡು ಹೋಗಿಯಾಗಿದೆ. ಹೆಣದ ಗಾಡಿ ಐದಕ್ಕೆ ಬರುತ್ತದಂತೆ. ಮೋಟಾರು ಗಾಡಿ.

ಅತ್ತಿಲಿಯಾ ಇಪ್ಪತ್ತರ ಆಸುಪಾಸಿನ ಹುಡುಗಿ, ಕೂದಲು ಗಿಡ್ಡ. ಅವನ ಜೊತೆ ಇದ್ದವಳು. ಇನ್ನೊಬ್ಬಳು ಮುದುಕಿ ಇರ್ಮಾ, ನಾನು ಬಿಟ್ಟುಬಂದ ಮೇಲೆ ಅವನನ್ನು ಬೆಳೆಸಿದ ದಾದಿ. ನನ್ನ ವಿಳಾಸ ಕೊಟ್ಟದ್ದು ಅವಳೇ ಅಂತೆ. ಮೂವರೇ ನಾವು. ಬಾಗಿಲು ದಾಟುವಾಗ ಎಣಿಸಿದೆ. ಪ್ರೀತಿಸಿದವಳು ಒಬ್ಬಳು, ದಾದಿಯರು ಇಬ್ಬರು.

ಭಾನುವಾರ ಬೆಳಿಗ್ಗೆ ಪೊಲೀಸ್ ಜೀಪು ತೋಟದ ಗೇಟಿಗೆ ಬಂತಂತೆ. "ಕುದುರೆ ಬಂದ್ವು, ಬಾಗಿಲು ತೆಗೀಬೇಡ ಅಂದ್ರು ಲುದೊವಿಕೊ. ಜೀಪು ಕಣ್ರೀ ಅಂದೆ. ಕುದುರೆ ಅಂದ್ರು," ಅಂತ ಹುಡುಗಿ. ಆಮೇಲೆ ಒಳಗೆ ಹೋಗಿ ರೇಜರ್ ತೆಗೆದುಕೊಂಡ. ಮುಂದಿನದನ್ನು ನಾನು ಕೇಳಲಿಲ್ಲ.

ತೊಳೆದೆವು. ತಣ್ಣೀರಲ್ಲಿ. ರಕ್ತಕ್ಕೆ ಬಿಸಿನೀರು ಆಗದು. ಇರ್ಮಾ ಕಾಲು, ನಾನು ತಲೆ. ಕುತ್ತಿಗೆಯದು ಪೂರ್ತಿ ಹೋಗಲಿಲ್ಲ. ಎಡ ಹುಬ್ಬಿನ ಮೇಲೆ ಅರ್ಧಚಂದ್ರ. ಬೆರಳಿಟ್ಟು ನೋಡಿದೆ. ಬಾವಿಯ ನೀರು ಕುಡಿದ ಬಾಯಿಯನ್ನೂ ಒರೆಸಿದೆ. ಏಳು ಜನರ ಹೆಸರು ಒಂದೊಂದಾಗಿ ಹೇಳಿಕೊಂಡೇ ಒರೆಸಿದೆ, ಅವನಿಗೆ ಕೇಳುವ ಹಾಗೆ. ನುನ್ಸಿಯಾತಾಳ ತಮ್ಮನದನ್ನು ಎರಡು ಸಲ.

ಶಾಲು ಸಾಕಾಗಲಿಲ್ಲ. ಪಾದ ಹೊರಗೇ ಉಳಿಯಿತು. ಇಷ್ಟು ಉದ್ದ ಯಾವಾಗ ಬೆಳೆದ.

ಹಾಡಲಿಲ್ಲ. ತುಟಿ ಕಚ್ಚಿಕೊಂಡು ಕೂತಿದ್ದೇನೆ. ಕೈಗೆ ಕೆಲಸ ಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ರವಿಕೆ ಮತ್ತೆ ಒದ್ದೆ. ಇರ್ಮಾ ನೋಡಿದಳು. ತನ್ನ ಶಾಲನ್ನೂ ಎದೆಗೆ ಎಳೆದುಕೊಂಡಳು.

ಹುಡುಗಿ ತಲೆ ಎತ್ತಿದಳು. ಇರ್ಮಾಳೂ ಎತ್ತಿದಳು. ಈ ಸಲ ನನಗೊಬ್ಬಳಿಗೇ ಅಲ್ಲ. ರಸ್ತೆಯ ಕಡೆಯಿಂದ ಕುದುರೆಗಳ ಸದ್ದು, ಜೋರಾಗಿ. ನಾಲ್ಕೋ ಐದೋ.

ಕೊಟ್ಟ ಮಾತು ನನಗೆ ನೆನಪಿದೆ ನುನ್ಸಿಯಾತಾ. ಆದರೆ ಅವನ ಕೈ ನನ್ನ ಬೆರಳನ್ನು ಹಿಡಿದುಕೊಂಡಿದೆ... ತೊಳೆಯುವಾಗ ಬಿಚ್ಚಿಯೇ ಇತ್ತು ಆ ಕೈ. ಬಾಯಿ ತಾನಾಗಿ ತೆರೆಯಿತು. ಮಲಗು ಕಂದ, ಮಲಗು ಕಂದ, ಕುದುರೆಗಳು ದೂರ

ಅಂಗಳದಲ್ಲಿ ನಿಂತವು.